ಎಸಿ ಪಕ್ಕದಲ್ಲಿ ಯಾರಿದ್ದಾರೆ?

(ಬೆಂಗಳೂರಿನ ಬಸವನಗುಡಿಯಲ್ಲಿ ಓದುಗರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಬಂದ ಮಾತುಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಎರಡೇ ಎರಡು ಅಕ್ಷರದ ಬಗ್ಗೆ ಮಾತಾಡುತ್ತೇನೆ. ಎಸಿ. ಈ ಊರಿನಲ್ಲಿ ಓಡಾಡುವಾಗ ಕಿವಿಗೆ ಬೀಳುವ ಮಾತುಗಳನ್ನು ನೋಡಿ. "ಎಸಿ ಹಾಕಿ, ತುಂಬಾ ಸೆಕೆ." "ಎಸಿ ಮೀಟಿಂಗ್‌ಗೆ ಹೋಗಿದ್ದಾರೆ, ನಾಳೆ ಬನ್ನಿ." "ವೋಟರ್ ಲಿಸ್ಟ್‌ನಲ್ಲಿ ನಿಮ್ಮ ಎಸಿ ನಂಬರ್ ಎಷ್ಟು?" "ಚೆಕ್ ಮೇಲೆ ಎಸಿ ಪೇಯೀ ಅಂತ ಬರೀರಿ." "ಎಸಿ ಜಾಯಿಂಟ್‌ಗೆ ಪೆಟ್ಟಾಗಿದೆ, ಗಾಡಿ ಓಡಿಸಬೇಡಿ." ಐದು ಮಾತು, ಐದು ಬೇರೆ ಬೇರೆ ಎಸಿ. ಆದರೂ ಸಾಮಾನ್ಯವಾಗಿ ನಮಗೆ ಗೊಂದಲ ಆಗುವುದಿಲ್ಲ, ಅಲ್ವಾ? ಯಾಕೆ ಆಗುವುದಿಲ್ಲ? ಯಾವಾಗ ಆಗುತ್ತದೆ? ಆದಾಗ ಯಾರಿಗೆ ಕಷ್ಟ? ನನ್ನ ಮಾತು ಇಷ್ಟರ ಬಗ್ಗೆ.

ನಾನು ಎಲೆಕ್ಟ್ರಿಕಲ್ ಓದಿದವನು, ಅದನ್ನೇ ಕಲಿಸಿದವನು. ಹಾಗಾಗಿ ಕರೆಂಟಿನಿಂದ ಶುರು ಮಾಡುತ್ತೇನೆ. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಗೋಡೆಯ ಪ್ಲಗ್‌ನಲ್ಲಿ ಬರುವುದು ಎಸಿ. ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಪ್ರತಿ ಆವರ್ತದಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಬ್ಯಾಟರಿಯಿಂದ ಬರುವುದು ಡಿಸಿ. ಅದಕ್ಕೆ ಒಂದೇ ದಿಕ್ಕು. ಅಮೆರಿಕದಲ್ಲಿ 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಒಂದು ಭಾಗಕ್ಕೆ ಬೆಳಕು ಕೊಟ್ಟಾಗ ಹರಿದದ್ದು ಡಿಸಿ. ಅದು ಕೆಲಸ ಮಾಡಿತು. ಆದರೆ ಹೆಚ್ಚು ದೂರ ಹೋಗಲಿಲ್ಲ. ಪವರ್ ಹೌಸ್‌ನಿಂದ ಸುಮಾರು ಒಂದು ಮೈಲಿ ದಾಟಿದರೆ ತಂತಿಯಲ್ಲೇ ಶಕ್ತಿ ಸೋರಿಹೋಗುತ್ತಿತ್ತು.

ಯಾಕೆ ಸೋರುತ್ತದೆ? ತಂತಿಯಲ್ಲಿ ಹರಿಯುವ ಕರೆಂಟು ಹೆಚ್ಚಾದಷ್ಟೂ ತಂತಿ ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದೇ ಶಕ್ತಿಯನ್ನು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟು ಕಡಿಮೆ ಸಾಕು, ನಷ್ಟವೂ ಇಳಿಯುತ್ತದೆ. ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸುವ ಸಾಧನ ಟ್ರಾನ್ಸ್‌ಫಾರ್ಮರ್. ಅದು ನಡೆಯುವುದು ಎಸಿಯಲ್ಲಿ ಮಾತ್ರ. ಎಸಿ ಗೆದ್ದದ್ದು ಈ ಒಂದು ಕಾರಣಕ್ಕೆ.

ಈ ಗೆಲುವಿನಲ್ಲಿ ನಮ್ಮ ನಾಡಿಗೆ ದೊಡ್ಡ ಪಾಲಿದೆ. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ತೆಗೆದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಕಾಡು, ಹೊಲ, ಕೆರೆ ಏರಿ ದಾಟಿಕೊಂಡು ಕಂಬ ನೆಟ್ಟು ತಂತಿ ಎಳೆದಿದ್ದರು. ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಅದನ್ನು ನೋಡಲಿಲ್ಲ. ಬೆಂಗಳೂರಿಗೆ ಕರೆಂಟು ಬಂದದ್ದು ಆಮೇಲೆ, 1905ರಲ್ಲಿ. ಡಿಸಿಯನ್ನೇ ನೆಚ್ಚಿಕೊಂಡಿದ್ದರೆ ಅವತ್ತಿನ ತಂತ್ರಜ್ಞಾನದಲ್ಲಿ ಶಿವನಸಮುದ್ರದ ಕರೆಂಟು ಗಣಿಯನ್ನು ಮುಟ್ಟುತ್ತಿರಲಿಲ್ಲ. ಈ ಊರಿನ ಮೊದಲ ಕರೆಂಟಿನ ಬೀದಿ ದೀಪ ಉರಿದದ್ದು ಎಸಿಯ ದಯೆಯಿಂದ.

ಹಾಗಂತ ಡಿಸಿ ಸೋತು ಮನೆಗೆ ಹೋಗಲಿಲ್ಲ. ನಿಮ್ಮ ಮೊಬೈಲ್, ಲ್ಯಾಪ್‌ಟಾಪ್, ಎಲ್‌ಇಡಿ ದೀಪ ಎಲ್ಲದರ ಒಳಗೆ ಹರಿಯುವುದು ಡಿಸಿ. ಚಾರ್ಜರ್ ಮಾಡುವುದು ಎಸಿಯನ್ನು ಡಿಸಿ ಮಾಡುವ ಕೆಲಸ. ನಮ್ಮ ಮೆಟ್ರೋ ಇನ್ನೂ ಚೆನ್ನಾದ ಉದಾಹರಣೆ. ಚೆನ್ನೈ, ದೆಹಲಿಯ ಮೆಟ್ರೋಗಳು ಮೇಲಿನ ತಂತಿಯಿಂದ 25,000 ವೋಲ್ಟಿನ ಎಸಿ ತೆಗೆದುಕೊಳ್ಳುತ್ತವೆ. ಬೆಂಗಳೂರಿನ ನಮ್ಮ ಮೆಟ್ರೋಗೆ ಮೇಲೆ ತಂತಿ ಇಲ್ಲ. ಹಳಿಯ ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟಿನ ಡಿಸಿ ಇರುತ್ತದೆ. ಗ್ರಿಡ್‌ನಿಂದ ಎಸಿ ಬರುತ್ತದೆ, ಅದನ್ನು ಡಿಸಿ ಮಾಡಿ ಹಳಿಗೆ ಕೊಡುತ್ತಾರೆ. ರೈಲಿನೊಳಗೆ ಅದು ಮತ್ತೆ ಎಸಿಯಾಗಿ ಮೋಟಾರ್ ತಿರುಗಿಸುತ್ತದೆ. ಬೋಗಿಯಲ್ಲಿ ಮಾತ್ರ ಇನ್ನೊಂದು ಎಸಿ ತಣ್ಣಗೆ ಬೀಸುತ್ತಿರುತ್ತದೆ. ಡಿಸಿಯಲ್ಲಿ ಓಡುವ ಎಸಿ ರೈಲು ಅಂದರೆ ತಪ್ಪೇನಿಲ್ಲ.

ಆ ಇನ್ನೊಂದು ಎಸಿಗೆ ಬರೋಣ. ಅದು ಹುಟ್ಟಿದ್ದೂ 1902ರಲ್ಲೇ. ಶಿವನಸಮುದ್ರದ ಲೈನಿಗೆ ಕರೆಂಟು ಕೊಟ್ಟ ಅದೇ ವರ್ಷ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಒಂದು ಪ್ರಿಂಟಿಂಗ್ ಪ್ರೆಸ್ಸಿಗಾಗಿ ಯಂತ್ರ ರೂಪಿಸಿದ. ಮನುಷ್ಯರ ಸೆಕೆ ಕಳೆಯುವುದು ಅವನ ಗುರಿ ಆಗಿರಲಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದಾಗ ಕಾಗದ ಹಿಗ್ಗುತ್ತಿತ್ತು, ಒಣಗಿದಾಗ ಕುಗ್ಗುತ್ತಿತ್ತು. ಒಂದರ ಮೇಲೊಂದು ಅಚ್ಚು ಹಾಕುವ ಬಣ್ಣಗಳು ಜಾಗ ತಪ್ಪುತ್ತಿದ್ದವು. ಆ ತೇವ ಹಿಡಿತದಲ್ಲಿ ಇಡಲು ಬಂದ ಯಂತ್ರ ಅದು. ಏರ್ ಕಂಡೀಷನಿಂಗ್ ಎಂಬ ಹೆಸರನ್ನು ಕೊಟ್ಟವನು ಸ್ಟುವರ್ಟ್ ಕ್ರೇಮರ್, 1906ರಲ್ಲಿ. ಅವನದು ಬಟ್ಟೆ ಗಿರಣಿಗಳ ಲೋಕ. ಅಲ್ಲಿಯೂ ನೂಲಿನ ತೇವದ್ದೇ ಚಿಂತೆ.

ಒಂದೂವರೆ ಟನ್ ಎಸಿ ಎನ್ನುತ್ತೇವಲ್ಲ, ಆ ಟನ್ ಯಂತ್ರದ ತೂಕ ಅಲ್ಲ. ಸುಮಾರು 907 ಕಿಲೋ ಐಸನ್ನು 24 ಗಂಟೆಯಲ್ಲಿ ಕರಗಿಸಲು ಎಷ್ಟು ಶಾಖ ಬೇಕೋ, ಅಷ್ಟು ಶಾಖವನ್ನು ದಿನಕ್ಕೆ ಕೋಣೆಯಿಂದ ಹೊರಗೆ ಹಾಕುವ ತಾಕತ್ತು ಒಂದು ಟನ್. ಅಂಗಡಿಯವರು ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಇನ್ವರ್ಟರ್ ಎಸಿ ಕೊಂಡವರಿಗೆ ಇನ್ನೊಂದು ಮಾತು. ಆ ಪೆಟ್ಟಿಗೆ ಗೋಡೆಯ ಎಸಿಯನ್ನು ಡಿಸಿ ಮಾಡಿ, ಮತ್ತೆ ಬೇಕಾದ ವೇಗದ ಎಸಿ ಮಾಡಿ ಕಂಪ್ರೆಸರ್‌ಗೆ ಕೊಡುತ್ತದೆ. ಎಸಿಯ ಹೊಟ್ಟೆಯಲ್ಲಿ ಎಸಿ ಇದೆ, ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ.

ಹಿಂದೆ ಬೆಂಗಳೂರಿನ ಮನೆಗಳಲ್ಲಿ ಫ್ಯಾನ್ ಕೂಡ ಎಲ್ಲ ಕೋಣೆಯಲ್ಲಿ ಇರುತ್ತಿರಲಿಲ್ಲ. ಮನೆಗೇ ಎಸಿ ಬೇಕು ಅನ್ನಿಸುವಷ್ಟು ಸೆಕೆ ಬಂದದ್ದು ಈಚೆಗೆ. 2016ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ 39.2 ಡಿಗ್ರಿ ದಾಖಲಾಯಿತು. ಹಾಗಾಗಿ ಈ ಊರಿನವರ ಮಟ್ಟಿಗೆ ಎಸಿ ಮೊದಲು ಒಂದು ದರ್ಜೆಯ ಹೆಸರಾಗಿತ್ತು, ಯಂತ್ರದ ಹೆಸರಾದದ್ದು ಆಮೇಲೆ. ಎಸಿ ಬಸ್, ನಾನ್ ಎಸಿ ಬಸ್. ಹೋಟೆಲ್‌ನ ಎಸಿ ಹಾಲ್‌ನಲ್ಲಿ ಅದೇ ಮಸಾಲೆ ದೋಸೆಗೆ ಬೇರೆ ರೇಟು. ಸರ್ಕಾರವೂ ಹಾಗೇ ಎಣಿಸಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನಾನ್ ಎಸಿ ಹೋಟೆಲ್‌ಗೆ 12 ಪರ್ಸೆಂಟ್, ಎಸಿ ಹೋಟೆಲ್‌ಗೆ 18 ಪರ್ಸೆಂಟ್ ತೆರಿಗೆ ಇತ್ತು. ಕಟ್ಟಡದ ಯಾವುದಾದರೂ ಒಂದು ಭಾಗದಲ್ಲಿ, ವರ್ಷದಲ್ಲಿ ಯಾವಾಗಲಾದರೂ ಎಸಿ ಇದ್ದರೆ ಇಡೀ ಹೋಟೆಲ್ ಎಸಿ ಹೋಟೆಲ್ ಎಂದೇ ಲೆಕ್ಕ. ಮಹಡಿ ಮೇಲೆ ಒಂದು ಎಸಿ ಇದ್ದರೆ ಕೆಳಗೆ ಸೆಕೆಯಲ್ಲಿ ಕೂತು ತಿಂದವರೂ 18 ಕೊಡಬೇಕಿತ್ತು. ಆ ವರ್ಷ ನವೆಂಬರ್ 15ರಿಂದ ಈ ಭೇದ ಹೋಗಿ ಎರಡಕ್ಕೂ 5 ಪರ್ಸೆಂಟ್ ಆಯಿತು. ಎರಡು ಅಕ್ಷರದ ಅರ್ಥ ಎಲ್ಲಿಯವರೆಗೆ ಹರಡಿದೆ ಎಂಬುದು ಬಿಲ್ಲಿನ ಮೊತ್ತವನ್ನೇ ಬದಲಿಸಬಲ್ಲದು. ಹಾಗಾಗಿ ಇದು ಸುಮ್ನೆ ಮಾತಿನ ವಿಷಯ ಅಲ್ಲ.

ಈಗ ಕರೆಂಟಿನ ಎಸಿ ಡಿಸಿ ಬಿಟ್ಟು ಕಂದಾಯ ಇಲಾಖೆಯ ಎಸಿ ಡಿಸಿ. ಇಲ್ಲಿ ನನಗೆ ಹೇಳಲು ಜಾಸ್ತಿ ಇದೆ.

ಕರ್ನಾಟಕದಲ್ಲಿ ಎಸಿ ಎಂದರೆ ಅಸಿಸ್ಟೆಂಟ್ ಕಮಿಷನರ್. ಪತ್ರಿಕೆಗಳು ಉಪವಿಭಾಗಾಧಿಕಾರಿ ಎಂದು ಬರೆಯುತ್ತವೆ. ಡಿಸಿ ಎಂದರೆ ಡೆಪ್ಯುಟಿ ಕಮಿಷನರ್, ಜಿಲ್ಲಾಧಿಕಾರಿ. ತಮಿಳುನಾಡು, ಮಹಾರಾಷ್ಟ್ರದವರು ಇದೇ ಹುದ್ದೆಯನ್ನು ಕಲೆಕ್ಟರ್ ಎನ್ನುತ್ತಾರೆ. ನಮ್ಮಲ್ಲಿ ಯಾಕೆ ಬೇರೆ? 1831ರಿಂದ 1881ರ ತನಕ ಮೈಸೂರು ಸಂಸ್ಥಾನವನ್ನು ನಡೆಸಿದ್ದು ಬ್ರಿಟಿಷ್ ಕಮಿಷನರ್‌ಗಳು. ಕಬ್ಬನ್ ಪಾರ್ಕ್‌ನ ಹೆಸರಿನಲ್ಲಿರುವ ಮಾರ್ಕ್ ಕಬ್ಬನ್ ಅವರಲ್ಲೊಬ್ಬರು, 1834ರಿಂದ 1861ರವರೆಗೆ. ಕಮಿಷನರ್ ಹೋದರು. ಅವರ ಕೆಳಗಿನ ಹುದ್ದೆಗಳ ಹೆಸರು ಉಳಿಯಿತು.

ಈ ಎಸಿ ಜನರ ಬದುಕಿಗೆ ತುಂಬಾ ಹತ್ತಿರ. ಅಣ್ಣ ತಮ್ಮಂದಿರ ನಡುವೆ ಜಮೀನಿನ ಖಾತೆ ಬದಲಾವಣೆಗೆ ತಕರಾರು ಬಂತು ಅಂದುಕೊಳ್ಳಿ. ತಹಶೀಲ್ದಾರ್ ಆದೇಶ ಒಪ್ಪಿಗೆ ಆಗದಿದ್ದರೆ ಮೇಲ್ಮನವಿ ಹೋಗುವುದು ಎಸಿ ಹತ್ತಿರ. ಅಲ್ಲಿಂದ ಮೇಲೆ ಡಿಸಿ. 1964ರ ಭೂಕಂದಾಯ ಕಾಯ್ದೆಯ 136ನೇ ಸೆಕ್ಷನ್ ಹೇಳುವುದು ಇದನ್ನೇ. ಊರ ಕಡೆ "ಎಸಿ ಕೋರ್ಟಿಗೆ ಹಾಕಿದ್ದೀವಿ" ಎನ್ನುವುದು ಈ ಅರ್ಥದಲ್ಲಿ. ವಯಸ್ಸಾದ ತಂದೆ ತಾಯಿಯನ್ನು ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಕೆಳಗೆ ದೂರು ಕೇಳುವ ನ್ಯಾಯಮಂಡಳಿಗೂ ನಮ್ಮಲ್ಲಿ ಎಸಿಯೇ ಮುಖ್ಯಸ್ಥರು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ಮನೆಯನ್ನು, ನೋಡಿಕೊಳ್ಳದಿದ್ದಾಗ, ವಾಪಸ್ ಕೊಡಿಸುವ ದಾರಿ ಆ ಕಾಯ್ದೆಯಲ್ಲಿದೆ. ಎಷ್ಟೋ ಹಿರಿಯರಿಗೆ ಇದು ಗೊತ್ತಿಲ್ಲ. "ಎಸಿಗೆ ಅರ್ಜಿ ಕೊಡಿ" ಎಂದು ಯಾರೋ ಹೇಳಿದರೆ ಎಪ್ಪತ್ತೈದು ದಾಟಿದ ಅಜ್ಜಿಗೆ ಯಾವ ಬಾಗಿಲು ತಟ್ಟಬೇಕು ಎಂದು ಹೊಳೆಯುತ್ತದೆಯೇ? ಪೊಲೀಸರಲ್ಲಿ ಎಸಿಪಿ ಇದ್ದಾರೆ, ತೆರಿಗೆ ಇಲಾಖೆಯಲ್ಲೂ ಅಸಿಸ್ಟೆಂಟ್ ಕಮಿಷನರ್ ಇದ್ದಾರೆ. ಅಜ್ಜಿಗೆ ಬೇಕಾದವರು ಕಂದಾಯದ ಉಪವಿಭಾಗಾಧಿಕಾರಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಉತ್ತರ, ದಕ್ಷಿಣ ಎಂದು ಎರಡು ಉಪವಿಭಾಗ ಇವೆ.

ಸೈಟ್ ನೋಡಲು ಹೋದವರೆಲ್ಲ "ಡಿಸಿ ಕನ್ವರ್ಷನ್ ಆಗಿದೆಯಾ" ಎಂದು ಕೇಳಿರುತ್ತೀರಿ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಅದೇ ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಡಿಸಿ ಅನುಮತಿ ಪಡೆಯುವ ಕ್ರಮ ಇದೆ. ನನ್ನ ಕ್ಲಾಸಿನ ಹುಡುಗರಿಗೆ ಡಿಸಿ ಕನ್ವರ್ಟರ್ ಎಂದರೆ ಬೇರೆಯೇ, ಅದು ಕರೆಂಟಿನ ಸಾಧನ. ಅಂದರೆ ಎಸಿ ಪಕ್ಕ ಡಿಸಿ ಬಂದ ಮಾತ್ರಕ್ಕೆ ಅದು ಕರೆಂಟು ಎಂದು ಹೇಳಲು ಆಗುವುದಿಲ್ಲ. ಆ ಜೋಡಿಯ ಪಕ್ಕ ವೋಲ್ಟ್ ಇದೆಯೋ, ತಹಶೀಲ್ದಾರ್ ಇದ್ದಾರೋ ನೋಡಬೇಕು.

ನಾನು ಹೇಳಬೇಕು ಎಂದುಕೊಂಡು ಬಂದ ಮಾತು ಇದು. ಮದುವೆ ಮನೆಯಲ್ಲಿ ಗುರುತಿಲ್ಲದವರನ್ನು ಅವರು ಯಾರ ಪಕ್ಕ ಕೂತಿದ್ದಾರೆ ಎಂಬುದರಿಂದ ಗುರುತು ಹಿಡಿಯುತ್ತೇವಲ್ಲ, ಹಾಗೆ. ಎಸಿಗೆ ಸ್ವಂತ ಅರ್ಥ ಇಲ್ಲ. ಪಕ್ಕದಲ್ಲಿ ಇರುವವರಿಂದ ಅದಕ್ಕೆ ಅರ್ಥ ಬರುತ್ತದೆ. ಪಕ್ಕದವರ ಪರಿಚಯವೂ ಇಲ್ಲದವರಿಗೆ ಎರಡು ಅಕ್ಷರ ಮಾತ್ರ ಉಳಿಯುತ್ತದೆ.

ಇನ್ನೊಂದು ಜೋಡಿ ನೋಡಿ. ಎಸಿ ಮತ್ತು ಪಿಸಿ. ಚುನಾವಣೆಯವರಿಗೆ ಎಸಿ ವಿಧಾನಸಭಾ ಕ್ಷೇತ್ರ, ಪಿಸಿ ಲೋಕಸಭಾ ಕ್ಷೇತ್ರ. ನಮ್ಮ ರಾಜ್ಯದಲ್ಲಿ 224 ಎಸಿ, 28 ಪಿಸಿ. ನಾವು ಈಗ ಕೂತಿರುವ ಬಸವನಗುಡಿ 170ನೇ ಎಸಿ. ಮಲ್ಲೇಶ್ವರಂ 157. ಮತಗಟ್ಟೆ ಹೊರಗಿನ ಟೇಬಲ್‌ನಲ್ಲಿ ಈ ನಂಬರ್, ಪಾರ್ಟ್ ನಂಬರ್, ಸೀರಿಯಲ್ ನಂಬರ್ ಮೂರೂ ಗೊತ್ತಿದ್ದರೆ ನಿಮ್ಮ ಹೆಸರು ಬೇಗ ಸಿಗುತ್ತದೆ.

ವೈದ್ಯರಿಗೂ ಇದೇ ಜೋಡಿ ಇದೆ. ಲ್ಯಾಟಿನ್‌ನಿಂದ ಬಂದದ್ದು. ಎಸಿ ಎಂದರೆ ಊಟಕ್ಕೆ ಮುಂಚೆ, ಪಿಸಿ ಎಂದರೆ ಊಟ ಆದ ಮೇಲೆ. ಗಡಿಯಾರದ ಎಎಂ, ಪಿಎಂನಲ್ಲಿ ಇರುವ ಎ ಮತ್ತು ಪಿ ಕೂಡ ಇವೇ, ಮಧ್ಯಾಹ್ನಕ್ಕೆ ಮುಂಚೆ, ಮಧ್ಯಾಹ್ನದ ನಂತರ. ಚೀಟಿಯಲ್ಲಿ ಸಣ್ಣಕ್ಷರದಲ್ಲಿ, ಚುಕ್ಕಿ ಹಾಕಿ ಬರೆಯುತ್ತಾರೆ. ಬಹಳಷ್ಟು ವೈದ್ಯರು ಈಗ ಬಿಡಿಸಿಯೇ ಬರೆಯುತ್ತಾರೆ. ಆದರೆ ಹಳೆಯ ರೂಢಿ ಪೂರ್ತಿ ಹೋಗಿಲ್ಲ. ಇಲ್ಲಿ ತಪ್ಪಿದರೆ ಮೈಮೇಲೆ ಬರುತ್ತದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಸರಿಯಾಗಿ ಹಿಡಿಯುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ಉರಿಯಬಹುದು.

ಓಡಿ ಎಂಬ ಎರಡಕ್ಷರ ಇನ್ನೂ ಅಪಾಯದ್ದು. ನಮ್ಮ ಚೀಟಿಗಳಲ್ಲಿ ಅದು ದಿನಕ್ಕೆ ಒಂದು ಸಲ. ಕಣ್ಣಿನ ವೈದ್ಯರಿಗೆ ಬಲಗಣ್ಣು. ಕಣ್ಣಿನ ಹನಿ ಔಷಧಿಯ ಮುಂದೆ ಓಡಿ ಎಂದು ಬರೆದರೆ ಏನು ಅರ್ಥ? ಎರಡೂ ಹೊಂದುತ್ತದೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿದರೂ ಇಲ್ಲಿ ಉತ್ತರ ಸಿಗುವುದಿಲ್ಲ. ಇನ್ಸುಲಿನ್ ಯೂನಿಟ್‌ಗೆ ಬರೀ ಯು ಎಂದು ಬರೆದಾಗ ಅದು ಸೊನ್ನೆಯಂತೆ ಕಂಡು 10 ಹೋಗಿ 100 ಆದ ಪ್ರಸಂಗಗಳಿವೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಇಂಥ ಕೆಲವನ್ನು ಬಳಸಲೇಬಾರದು ಎಂದು ಪಟ್ಟಿ ಮಾಡಿತು. ನನ್ನ ಪ್ರಕಾರ ಅದು ಬರೆಯುವವರ ಆತುರಕ್ಕಿಂತ ಓದುವವರ ಜೀವ ದೊಡ್ಡದು ಎಂದು ತೀರ್ಮಾನಿಸಿದ ಪಟ್ಟಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಭುಜದ ಎಸಿ ಜಾಯಿಂಟ್ ಎಂದರೆ ಕಾಲರ್ ಬೋನ್ ಭುಜದ ಮೂಳೆಗೆ ಸೇರುವ ಜಾಗ. ಸ್ಕೂಟರ್‌ನಿಂದ ಭುಜ ಕೊಟ್ಟು ಬಿದ್ದವರಿಗೆ ಅದರ ಪರಿಚಯ ಇರುತ್ತದೆ. ಬ್ಯಾಂಕಿನ ಎಸಿ ಎಂದರೆ ಅಕೌಂಟ್. ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದು ಎಸಿ ಪೇಯೀ ಎಂದು ಬರೆದರೆ ಹಣ ಆ ಹೆಸರಿನವರ ಖಾತೆಗೇ ಹೋಗಬೇಕು, ಕೌಂಟರ್‌ನಲ್ಲಿ ನಗದು ಕೊಡುವಂತಿಲ್ಲ. ರಸಾಯನಶಾಸ್ತ್ರದಲ್ಲಿ ಅದು ಆಕ್ಟಿನಿಯಮ್, 89ನೇ ಧಾತು, ಫ್ರಾನ್ಸಿನ ದೆಬಿಯೆರ್ನ್ 1899ರಲ್ಲಿ ಕಂಡುಹಿಡಿದದ್ದು. ಅದೇ ಶಾಸ್ತ್ರದ ಇನ್ನೊಂದು ಕೋಣೆಯಲ್ಲಿ ಅದೇ ಗುರುತು ಅಸಿಟೈಲ್ ಎಂಬ ಪರಮಾಣುಗಳ ಗುಂಪಿಗೆ. ಹವಾಮಾನದವರಿಗೆ ಒಂದು ಜಾತಿಯ ಮೋಡ, ಆಲ್ಟೊಕ್ಯುಮುಲಸ್.

ಇಂಗ್ಲಿಷ್‌ನಲ್ಲಿ ಇವುಗಳಿಗೆ ಸಣ್ಣ ರಕ್ಷಣೆ ಇದೆ. ಧಾತುವಿಗೆ ಮೊದಲನೆಯದು ದೊಡ್ಡಕ್ಷರ, ಎರಡನೆಯದು ಸಣ್ಣದು. ಔಷಧಿಗೆ ಎರಡೂ ಸಣ್ಣದು, ಚುಕ್ಕಿ ಬೇರೆ. ಅಕೌಂಟ್‌ಗೆ ನಡುವೆ ಓರೆ ಗೆರೆ. ಕನ್ನಡಕ್ಕೆ ಬಂದಾಗ ಎಲ್ಲವೂ ಎಸಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಅದು ನಮ್ಮ ಲಿಪಿಯ ಕೊರತೆ ಅಲ್ಲ. ಆದರೆ ಕನ್ನಡದಲ್ಲಿ ಬರೆಯುವವರು ಅದಕ್ಕೇ ಒಂದು ಹೆಜ್ಜೆ ಹೆಚ್ಚು ಇಡಬೇಕು. ಮೊದಲ ಸಲ ಬಂದಾಗ ಬಿಡಿಸಿ ಬರೆಯಬೇಕು. "ಎಸಿ ಭೇಟಿ" ಎಂಬ ಸುದ್ದಿ ಶೀರ್ಷಿಕೆ ಕಂದಾಯ ಇಲಾಖೆಯವರಿಗೆ ಸಾಕು. ಜಮೀನು ಕಳೆದುಕೊಳ್ಳುವ ಭಯದಲ್ಲಿ ಇರುವವನಿಗೆ ಸಾಲದು.

ಇಲ್ಲಿಗೆ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ, "ಮೆಡಿಕಲ್ ಶಾಪ್‌ನಲ್ಲಿ ಜನ ಜಾಸ್ತಿ ಇರ್ತಾರೆ, ಕೇಳೋಕೆ ಸಂಕೋಚ ಆಗುತ್ತೆ, ಏನು ಮಾಡಬೇಕು?" ಎಂದರು. ನಾನು ಹೇಳಿದ್ದು ಇಷ್ಟು. ಅಮ್ಮಾ, ಮೂರು ಮಾತು ಕೇಳಿ. ಊಟಕ್ಕೆ ಮುಂಚೆಯೋ ಆಮೇಲೋ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಅದನ್ನು ಮಾತ್ರೆಯ ಕವರ್ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಹಿಂದೆ ನಿಂತವರು ಕಾಯುತ್ತಾರೆ, ಕಾಯಲಿ.

ಒಬ್ಬ ಹುಡುಗ, "ಟಿಸಿ ಬಗ್ಗೆ ಹೇಳಲೇ ಇಲ್ಲ ಸರ್" ಎಂದ. ಒಳ್ಳೆಯ ನೆನಪು. ನಮ್ಮ ಹಳ್ಳಿಗಳಲ್ಲಿ ಟಿಸಿ ಸುಟ್ಟಿದೆ ಎಂದರೆ ಪಂಪ್‌ಸೆಟ್‌ಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು. ಶಾಲೆಯಲ್ಲಿ ಟಿಸಿ ವರ್ಗಾವಣೆ ಪತ್ರ, ರೈಲಿನಲ್ಲಿ ಟಿಕೆಟ್ ನೋಡುವವರು. ರೈತನ ಬಾಯಲ್ಲಿ ಟಿಸಿ ಎಷ್ಟು ಸಹಜವಾಗಿದೆ ಎಂದರೆ ಅದು ಇಂಗ್ಲಿಷ್ ಎಂಬ ಯೋಚನೆಯೇ ಅಲ್ಲಿಲ್ಲ. ಅಂಥ ಪದವನ್ನು ಬಿಡಿಸಬೇಕಾದದ್ದು ರೈತನಿಗೆ ಅಲ್ಲ, ಹೊಸದಾಗಿ ಕೆಲಸಕ್ಕೆ ಬಂದ ನಗರದ ಎಂಜಿನಿಯರ್‌ಗೆ.

ಕೊನೆಗೆ ಒಬ್ಬ ಹಿರಿಯರು ಎದ್ದು, ಕನ್ನಡದ್ದೇ ಆದ ಸಣ್ಣ ರೂಪಗಳಲ್ಲಿ ಈ ತೊಡಕು ಇಲ್ಲವೇ ಎಂದು ಕೇಳಿದರು. ಇದೆ. ದಿ ಎಂದು ಬರೆದು ಎರಡು ಗೆರೆ ಹಾಕಿ ಮುಂದೆ ಹೆಸರು ಬಂದರೆ ದಿವಂಗತ. ದಿ ಆದ ಮೇಲೆ ಅಂಕಿ ಬಂದರೆ ದಿನಾಂಕ. ಮದುವೆ ಕಾಗದದಲ್ಲಿ ಎರಡೂ ಒಂದೇ ಪುಟದಲ್ಲಿ ಇರುತ್ತವೆ, ಅಚ್ಚಿನವರು ಎಚ್ಚರ ತಪ್ಪುವುದಿಲ್ಲ. ಸಂ ಎಂಬುದಕ್ಕೆ ಇನ್ನೂ ಹೆಚ್ಚು ಕೆಲಸ. ಮನೆ ಸಂ. 12 ಎಂದರೆ ಸಂಖ್ಯೆ, ಪುಸ್ತಕದ ಬೆನ್ನ ಮೇಲೆ ಸಂ. 2 ಎಂದರೆ ಸಂಪುಟ, ಅದೇ ಪುಸ್ತಕದ ಮೊದಲ ಪುಟದಲ್ಲಿ ಸಂ ಆದ ಮೇಲೆ ಒಬ್ಬರ ಹೆಸರು ಇದ್ದರೆ ಅವರು ಸಂಪಾದಕರು.